ಕೇಸಾ, ಚಿಕಿತ್ಸೆಯಾ? ಕಾನೂನಿನ ಒಂದು ಹಳೇ ಕಥೆ

ಹಾಸನದ ಪಕ್ಕದ ಕೊರವಂಗಲದಿಂದ ಮಾತಾಡ್ತಿದ್ದೀನಿ. ಬೂಚೇಶ್ವರ ದೇವಸ್ಥಾನದ ಊರು ಅಂದ್ರೆ ಕೆಲವರಿಗೆ ಗೊತ್ತಾಗುತ್ತೆ. ನಮ್ಮಂಥ ಊರಲ್ಲಿ ಮಗ ಗಾಂಜಾ ಚಟಕ್ಕೆ ಬಿದ್ದ ಅಂತ ತಿಳಿದ್ರೆ ಅಪ್ಪ-ಅಮ್ಮಂಗೆ ಮೊದಲು ನೆನಪಾಗೋದು ಪೊಲೀಸ್ ಕೇಸು. ಆಸ್ಪತ್ರೆ ಆಮೇಲೆ.

ಈ ಭಯಕ್ಕೆ ಇತಿಹಾಸ ಇದೆ. 1961ರ ವಿಶ್ವಸಂಸ್ಥೆಯ ಒಪ್ಪಂದ, ನಶೆಗಾಗಿ ಗಾಂಜಾ ಬಳಸೋದನ್ನು ನಿಲ್ಲಿಸೋಕೆ 25 ವರ್ಷ ಗಡುವು ಕೊಟ್ಟಿತ್ತು. ಆ ಗಡುವು ಹತ್ತಿರ ಬರುತ್ತಿದ್ದಾಗ, 1985ರಲ್ಲಿ, ನಮ್ಮ ಸಂಸತ್ತು ಎನ್‌ಡಿಪಿಎಸ್ ಕಾಯ್ದೆ ತಂತು. ಮಾರೋನಿಗಷ್ಟೇ ಅಲ್ಲ, ಸೇದೋನಿಗೂ ಜೈಲು.

ಪೋರ್ಚುಗಲ್‌ನಲ್ಲಿ ಹೆರಾಯಿನ್ ಹಾವಳಿ ನಮಗಿಂತ ಜೋರಾಗಿತ್ತು. ಅವರು 2001ರಲ್ಲಿ ದಾರಿ ಬದಲಿಸಿದ್ರು. ಸ್ವಂತಕ್ಕೆ ಹತ್ತು ದಿನದಷ್ಟು ಇಟ್ಕೊಂಡು ಸಿಕ್ಕಿಬಿದ್ರೆ ಕೋರ್ಟಿಲ್ಲ. ಕಾನೂನು, ಆರೋಗ್ಯ, ಸಮಾಜಸೇವೆ ಬಲ್ಲವರ ಸಮಿತಿ ಮುಂದೆ ಕೂರಿಸಿ ಮಾತಾಡಿಸ್ತಾರೆ. ಮಾರೋದು ಅಲ್ಲೂ ಅಪರಾಧವೇ. ಐಸ್‌ಲ್ಯಾಂಡ್ ಇನ್ನೂ ಹಿಂದಕ್ಕೆ ಹೋಯ್ತು: ಚಟ ಹತ್ತೋ ಮುಂಚೆಯೇ ಆಟಕ್ಕೆ, ಸಂಗೀತಕ್ಕೆ ದುಡ್ಡು ಹಾಕ್ತು. ಚಳಿಗಾಲದಲ್ಲಿ 13ರಿಂದ 16ರ ಮಕ್ಕಳು ರಾತ್ರಿ ಹತ್ತರ ಮೇಲೆ ಬೀದೀಲಿ ಇರೋ ಹಾಗಿಲ್ಲ!

ನಮ್ಮಲ್ಲಿ 2020ರಲ್ಲಿ 272 ಜಿಲ್ಲೆಗಳಲ್ಲಿ ನಶಾ ಮುಕ್ತ ಭಾರತ ಅಭಿಯಾನ ಶುರುವಾಯ್ತು. ಜಾಥಾ, ಪ್ರತಿಜ್ಞೆ ಎಲ್ಲಾ ಸರಿ. ಆದ್ರೆ ನನಗನ್ನಿಸೋದು, ಮೈಕಲ್ಲಿ ಮೊದಲು ಕೂಗಬೇಕಾದ್ದು ಅದೇ ಕಾಯ್ದೆಯ 64ಎ ಕಲಮನ್ನ. ಸಣ್ಣ ಪ್ರಮಾಣದ ಕೇಸಲ್ಲಿ ಸಿಕ್ಕ ವ್ಯಸನಿ ತಾನಾಗಿ ಸರ್ಕಾರಿ ಇಲ್ಲವೇ ಮಾನ್ಯತೆ ಇರೋ ಕಡೆ ಚಿಕಿತ್ಸೆ ಪಡೆದ್ರೆ ಶಿಕ್ಷೆಗೆ ಎಳೆಯೋ ಹಾಗಿಲ್ಲ. ಅರ್ಧಕ್ಕೆ ಬಿಟ್ರೆ ಮಾತ್ರ ಆ ರಕ್ಷಣೆ ಹೋಗಬಹುದು.

ಸಹಾಯವಾಣಿ 14446. ದುಡ್ಡು ಕಟ್ಟಾಗಲ್ಲ.