ಸ್ಕೂಬಾ ಅಂಗಡಿ: ಕೊರಿಯರ್‌ನಲ್ಲಿ ಬಾರದ ಸರಕು

ಭಟ್ಕಳ: ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪ ಸ್ಕೂಬಾ ಡೈವಿಂಗ್‌ಗೆ ಹೆಸರಾದ ಜಾಗ. ಇಲ್ಲಿ ಈ ವ್ಯಾಪಾರ ಸೀಸನ್ನಿನದು. ಮಳೆಗಾಲದಲ್ಲಿ ದೋಣಿ ಹೋಗಲ್ಲ, ಅಂಗಡಿ ಬಾಡಿಗೆ ಮಾತ್ರ ನಿಲ್ಲಲ್ಲ.

ಬೇರೆಡೆ ಆಗಿದ್ದೇನು?
ಅಮೆರಿಕದಲ್ಲಿ ಊರಿನ ಹಲವು ಡೈವಿಂಗ್ ಅಂಗಡಿಗಳು ಬಾಗಿಲು ಹಾಕಿವೆ. ತರಬೇತಿಯನ್ನು ಅಗ್ಗಕ್ಕೆ ಕೊಟ್ಟು, ಮಾಸ್ಕ್, ಫಿನ್, ರೆಗ್ಯುಲೇಟರ್ ಮಾರಿ ಲಾಭ ಮಾಡೋದು ಅಲ್ಲಿನ ರೂಢಿ. ಆ ಲಾಭ ಆನ್‌ಲೈನ್ ಪಾಲಾಯ್ತು. ಮೊಬೈಲ್, ಬಟ್ಟೆ ಅಂಗಡಿಯವರಿಗೆ ಈ ಕಥೆ ಹೊಸದಲ್ಲ.

ಉಳಿದದ್ದೇನು?
ಗಾಳಿ. ಸಿಲಿಂಡರ್‌ಗೆ ಸುಮಾರು 200 ಬಾರ್ ಒತ್ತಡದಲ್ಲಿ ಶುದ್ಧ ಗಾಳಿ ತುಂಬಬೇಕು. ಅದಕ್ಕೆ ಕಂಪ್ರೆಸರ್, ಫಿಲ್ಟರ್, ತಿಳಿದ ಕೈ ಹತ್ತಿರದಲ್ಲೇ ಬೇಕು. ಅಂಗಡಿ ಮುಚ್ಚಿದರೆ ಸ್ವಂತ ಕಿಟ್ ಇದ್ದವರೂ ದಡದಲ್ಲೇ ಉಳೀತಾರೆ.

ಮುಂದೇನು?
ತರಬೇತುದಾರರ ಕೈ ಹಿಡಿದು ಒಮ್ಮೆ ಮುಳುಗಿ, ಫೋಟೊ ತೆಗೆಸಿಕೊಂಡು ಹೋದವರು ಮತ್ತೆ ಬರೋದು ಕಮ್ಮಿ. 18 ಮೀಟರ್ ಆಳದವರೆಗೆ ಇಳಿಯಲು ಕಲಿಸುವ ‘ಓಪನ್ ವಾಟರ್’ ಕೋರ್ಸಿಗೆ ಸಾಮಾನ್ಯವಾಗಿ ಮೂರ್ನಾಲ್ಕು ದಿನ ಬೇಕು. ಕಲಿಯೋರು ಅಷ್ಟು ದಿನ ಊರಲ್ಲೇ ಇದ್ದರೆ ಲಾಡ್ಜ್, ಊಟದ ಹೋಟೆಲ್, ಆಟೊದವರಿಗೂ ದುಡಿಮೆ. ಕ್ರೀಡೆ ಉಳಿಯೋದು ಕಲಿತು ಮರಳಿ ಬರುವವರಿಂದಲೇ.