ಮಾವನ ಮನೆಯ ಹಾಡು ಊರ ಹಾಡಾದದ್ದು

ಮುಹೂರ್ತದ ದಿನಗಳಲ್ಲಿ ವಿಶ್ವೇಶ್ವರಪುರಂನ ಸಜ್ಜನ್ ರಾವ್ ಸರ್ಕಲ್ ಕಡೆ ಹೋಗಿ ನೋಡಿ. ಗಾಡಿ ನಿಲ್ಲಿಸೋಕೆ ಜಾಗ ಸಿಗಲ್ಲ. ಕಲ್ಯಾಣ ಮಂಟಪದೊಳಗೆ ಆರತಕ್ಷತೆ. ಒಂದು ಮೂಲೆಯಲ್ಲಿ ಹಾರ್ಮೋನಿಯಂ, ತಬಲ ಇಟ್ಟುಕೊಂಡು ಸುಗಮ ಸಂಗೀತದವರು ಹಾಡ್ತಿರ್ತಾರೆ. ಯಾರು ಕೇಳ್ತಾರೆ ಸ್ವಾಮಿ? ಒಬ್ಬರಿಗೆ ಫೋಟೋ ಚಿಂತೆ, ಇನ್ನೊಬ್ಬರಿಗೆ ಪಂಕ್ತಿ ಚಿಂತೆ. ಆದರೆ 'ಮೈಸೂರ ಮಲ್ಲಿಗೆ'ಯ ಹಾಡೊಂದು ಶುರುವಾಗಲಿ, ಅಜ್ಜಿಯರ ತುಟಿ ತಾನಾಗಿ ಅಲ್ಲಾಡುತ್ತೆ. ಎಂಬತ್ತು ವರ್ಷ ದಾಟಿದ ಹಾಡುಗಳಿಗೆ ಈ ಶಕ್ತಿ ಎಲ್ಲಿಂದ ಬಂತು?

1942ನೇ ಇಸವಿ. ಗಾಂಧೀಜಿ ಕ್ವಿಟ್ ಇಂಡಿಯಾ ಕರೆ ಕೊಟ್ಟ ವರ್ಷ. ಜಗತ್ತಿನಲ್ಲಿ ಮಹಾಯುದ್ಧ. ಅಂಥ ಹೊತ್ತಲ್ಲಿ ಕೆ.ಆರ್. ಪೇಟೆ ತಾಲ್ಲೂಕು ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ ಅನ್ನೋ 27ರ ಯುವಕ ಪ್ರೇಮಗೀತೆಗಳ ಪುಸ್ತಕ ತಂದರು. ಪ್ರೇಯಸಿ ಯಾರು? ಅಪ್ಸರೆಯಲ್ಲ, ರಾಜಕುಮಾರಿಯಲ್ಲ. ಕಟ್ಟಿಕೊಂಡ ಹೆಂಡತಿ!

ಇದು ಸಣ್ಣ ಸಂಗತಿಯಲ್ಲ. ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳದ ಕಾಲ. ಹಿರಿಯರ ಮುಂದೆ ಗಂಡ ಹೆಂಡತಿ ಜೊತೆಗೆ ಕೂರದ ಕಾಲ. ಪ್ರೀತಿ ಇರಲಿಲ್ಲವಾ? ಇತ್ತು. ಹೇಳೋಕೆ ಮಾತಿರಲಿಲ್ಲ. ಆ ಮಾತನ್ನು ಕೊಟ್ಟವರು ಕೆ.ಎಸ್.ನ.

ಅಳಿಯ ಮಾವನ ಮನೆಗೆ ರಾತ್ರಿ ಬರುವ ಹಾಡನ್ನೇ ನೋಡಿ. ಉಪಚಾರಕ್ಕೆ ಕೊರತೆಯಿಲ್ಲ, ಹೆಂಡತಿ ಮಾತ್ರ ಕಾಣಲ್ಲ. ಕಡೆಗೆ ಗೊತ್ತಾಗುತ್ತೆ, ಆಕೆ ಹೊರಗೆ ಕೂತಿದ್ದಾಳೆ. ಬೆಳಗಾಗುತ್ತಲೇ ರಾಯರಿಗೆ ಮುನಿಸು, ಹೊರಡ್ತೀನಿ ಅಂತಾರೆ. ಮುಟ್ಟಿನ ವಿಷಯವನ್ನು ಆ ಕಾಲದಲ್ಲಿ ಕವಿ ಒಂದು ಸೂಚನೆಯಲ್ಲಿ ಮುಗಿಸಿದ್ದಾರೆ. ಮಕ್ಕಳಿಗೆ ಅರ್ಥವಾಗಲ್ಲ, ದೊಡ್ಡವರಿಗೆ ನಗು ತಡೆಯಲಾಗಲ್ಲ. ಅದಕ್ಕೇ ಅದನ್ನು ಮನೆಮಂದಿಯೆಲ್ಲ ಒಟ್ಟಿಗೆ ಕೂತು ಕೇಳಬಹುದಾಯಿತು. ಇಂಥ ಹಾಡು ನಡುಮನೆಗೆ ಬಂದದ್ದು ಹೀಗೆ.

ನೇಗಿಲು ಹಿಡಿದ ರೈತನ ಮಗ ರಾಬರ್ಟ್ ಬರ್ನ್ಸ್ ಸ್ಕಾಟ್ಲೆಂಡಿನಲ್ಲಿ ಇದೇ ಕೆಲಸ ಮಾಡಿದ್ದ, ಹಳ್ಳಿ ಮಾತಲ್ಲಿ ಪ್ರೇಮಗೀತೆ ಬರೆದಿದ್ದ. ಆ ಬರ್ನ್ಸ್‌ನ ಪ್ರೇಮಗೀತೆಗಳನ್ನು ಕನ್ನಡಕ್ಕೆ ತಂದವರೂ ಕೆ.ಎಸ್.ನ. ಅವರೇ.

ಮೊದಲು ಹಬ್ಬಿದ್ದು ಪುಸ್ತಕ. ಮದುವೆಗಳಲ್ಲಿ ಹೊಸ ಜೋಡಿಗೆ 'ಮೈಸೂರ ಮಲ್ಲಿಗೆ' ಉಡುಗೊರೆ ಕೊಡೋದು ರೂಢಿಯಾಯ್ತು. ಇತ್ತ ಪಿ. ಕಾಳಿಂಗರಾಯರು ಕನ್ನಡ ಕವಿತೆಯನ್ನು ಸಭೆಗಳಲ್ಲಿ ಹಾಡಿ ಭಾವಗೀತೆಗೆ ದಾರಿ ಮಾಡಿದ್ದರು. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್ ಆ ದಾರಿಯನ್ನು ಅಗಲ ಮಾಡಿದರು. 1978ರಲ್ಲಿ ನಿಸಾರ್ ಅಹಮದರ 'ನಿತ್ಯೋತ್ಸವ' ಕ್ಯಾಸೆಟ್ ಬಂತು. ಸಿನಿಮಾದ ಹಂಗಿಲ್ಲದೆ ಕವಿತೆ ಮನೆಮನೆಯ ಟೇಪ್ ರೆಕಾರ್ಡರಿಗೆ ಇಳಿಯಬಹುದು ಅಂತ ತೋರಿಸಿತು. ಕೆ.ಎಸ್.ನ. ಗೀತೆಗಳೂ ಹಾಗೇ ಇಳಿದವು. ಆಮೇಲೆ ನಾಗಾಭರಣರ 'ಮೈಸೂರ ಮಲ್ಲಿಗೆ' ಸಿನಿಮಾ. ಅದರ ಗೀತೆಗಳಿಗೆ ಕವಿಗೆ ರಾಷ್ಟ್ರಪ್ರಶಸ್ತಿ. ಪುಸ್ತಕ ಬಂದು ಹತ್ತಿರ ಹತ್ತಿರ ಅರ್ಧ ಶತಮಾನವಾಗಿತ್ತು!

ಆದರೆ ಜನಪ್ರಿಯತೆ ಕೊಡೋದನ್ನು ಕೊಟ್ಟು, ಒಂದನ್ನು ಸದ್ದಿಲ್ಲದೆ ಕಿತ್ತುಕೊಳ್ಳುತ್ತೆ. ಇವತ್ತು ಯಾರನ್ನಾದರೂ ಕೇಳಿ. 'ಅಶ್ವತ್ಥ್ ಹಾಡು' ಅಂತಾರೆ. ಇನ್ನು ಕೆಲವರು 'ಜನಪದ ಇರಬೇಕು' ಅಂತಾರೆ. ಬರೆದವರ ಹೆಸರು ಮರೆಯೋವಷ್ಟು ಹಾಡು ಜನರದ್ದಾಯಿತಲ್ಲ, ಕವಿಗೆ ಇದಕ್ಕಿಂತ ಗೌರವ ಬೇಕಾ ಅಂತ ವಾದಿಸುವವರೂ ಇದ್ದಾರೆ. ಕೇಳೋಕೆ ಚೆಂದ. ಆದರೆ ಒಪ್ಪೋಕೆ ಆಗಲ್ಲ. ಜನಪದದ ಹಿಂದೆ ಇರೋದು ಹೆಸರು ಬಿಟ್ಟುಹೋಗದ ಸಾವಿರ ಬಾಯಿಗಳು. ಇದರ ಹಿಂದೆ ಇರೋದು ಸರ್ಕಾರಿ ಕಚೇರಿಯ ಗುಮಾಸ್ತಿಕೆ ಮಾಡಿಕೊಂಡು, ಸಂಬಳ ಎಣಿಸಿಕೊಂಡು, ಒಂದೊಂದು ಪದ ತೂಗಿ ಬರೆದ ಒಬ್ಬ ಮನುಷ್ಯ. 2003ರ ಡಿಸೆಂಬರ್ 27ರಂದು ಇದೇ ಬೆಂಗಳೂರಲ್ಲಿ ತೀರಿಕೊಂಡರು.

ಹಾಡೋರಿಗೆ ಒಂದೇ ಕೋರಿಕೆ. ಮೈಕ್ ಕೈಯಲ್ಲೇ ಇರುತ್ತೆ. ಶ್ರುತಿ ಹಿಡಿಯೋ ಮೊದಲು ಹೇಳಿ: ರಚನೆ, ಕೆ.ಎಸ್. ನರಸಿಂಹಸ್ವಾಮಿ. ಅಷ್ಟು ಹೇಳೋಕೆ ಮೂರು ಸೆಕೆಂಡು ಸಾಕು.