ಹಕ್ಕಿ ನಿಜ, ಊರು ಸುಳ್ಳು: ಹೇಸ್ಟಿಂಗ್ಸ್ ಹಗರಣದ ಕತೆ

(ಪಾಡ್‌ಕಾಸ್ಟ್ ಕಂತಿನ ಬರಹ ರೂಪ)

ಇವತ್ತು ಹೇಳ್ತಿರೋದು ಒಂದು ವಂಚನೆಯ ಇತಿಹಾಸ. ಹೆಚ್ಚೂಕಮ್ಮಿ ನಾಲ್ಕು ದಶಕ ನಡೆದ ವಂಚನೆ. ನಿಂತುಹೋದ ಮೇಲೂ ಅದು ಬಯಲಾಗೋಕೆ ಇನ್ನೂ ಮೂರು ದಶಕ ಬೇಕಾಯ್ತು. ಇದರಲ್ಲಿ ಸಾಕ್ಷಿಗಳು ಅಂತ ಇದ್ದದ್ದು ಸತ್ತ ಹಕ್ಕಿಗಳು ಮಾತ್ರ.

ಜಾಗ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸಸೆಕ್ಸ್ ಕೌಂಟಿ. ಕೌಂಟಿ ಅಂದ್ರೆ ನಮ್ಮ ಜಿಲ್ಲೆ ಇದ್ದ ಹಾಗೆ ಅಂದುಕೊಳ್ಳಿ. ಅಲ್ಲಿನ ಕಡಲ ತೀರದ ಊರು ಹೇಸ್ಟಿಂಗ್ಸ್. ಸಮುದ್ರದ ಆಚೆಗೆ ಫ್ರಾನ್ಸ್. ವಲಸೆ ಹಕ್ಕಿಗಳು ಹಾದುಹೋಗುವ ದಾರಿ ಅದು. ಗಾಳಿಗೆ ಸಿಕ್ಕೋ ದಾರಿ ತಪ್ಪಿಯೋ ಆಗೊಮ್ಮೆ ಈಗೊಮ್ಮೆ ಒಂದು ಅಪರೂಪದ ಹಕ್ಕಿ ಬಂದಿಳಿಯೋದು ಸಹಜ. ಆದರೆ 1892ರಿಂದ 1930ರವರೆಗೆ ಹೇಸ್ಟಿಂಗ್ಸ್ ಸುತ್ತಲಿನ ಸುಮಾರು 20 ಮೈಲಿ ಒಳಗೆ ಬಂದಿಳಿದವು ಅಂತ ಹೇಳಲಾದ ಹಕ್ಕಿಗಳ ಪಟ್ಟಿ ನೋಡಿದರೆ ತಲೆ ತಿರುಗುತ್ತೆ. ಆಲ್ಪ್ಸ್ ಪರ್ವತದ ನೆತ್ತಿ ಬಿಟ್ಟು ಕೆಳಗಿಳಿಯೋದೇ ಅಪರೂಪ ಅನ್ನುವಂಥ ಸ್ನೋಫಿಂಚ್. ಕಜಾಕಿಸ್ತಾನದ ಹುಲ್ಲುಗಾವಲಿನ ಬ್ಲ್ಯಾಕ್ ಲಾರ್ಕ್. ಮೆಡಿಟರೇನಿಯನ್ ಸಮುದ್ರದ ಪೂರ್ವಕ್ಕಿರೋ ಮಾಸ್ಕ್ಡ್ ಶ್ರೈಕ್, ಇದು ನಮ್ಮ ಕಳಿಂಗ ಹಕ್ಕಿಯ ಬಂಧು. ಹೀಗೆ ನೂರಾರು ದಾಖಲೆಗಳು.

ಇದರಲ್ಲಿ ಬಹುಪಾಲು ಹಕ್ಕಿಗಳು ಒಂದೇ ಅಂಗಡಿಗೆ ಬಂದು ಸೇರ್ತಿದ್ದವು. ಹೇಸ್ಟಿಂಗ್ಸ್ ಪಕ್ಕದ ಸೇಂಟ್ ಲೆನಾರ್ಡ್ಸ್‌ನಲ್ಲಿದ್ದ ಜಾರ್ಜ್ ಬ್ರಿಸ್ಟೋ ಅನ್ನುವವರ ಅಂಗಡಿ. ಸತ್ತ ಹಕ್ಕಿಯ ಚರ್ಮ ಬಿಡಿಸಿ, ಒಳಗೆ ತುಂಬಿಸಿ, ಬದುಕಿರೋ ಹಾಗೆ ನಿಲ್ಲಿಸೋದು ಅವರ ಕಸುಬು. ಟ್ಯಾಕ್ಸಿಡರ್ಮಿಸ್ಟ್ ಅಂತಾರೆ.

ಆ ಕಾಲದ ರೂಢಿ ಗೊತ್ತಿಲ್ಲದಿದ್ದರೆ ಇದು ಅರ್ಥ ಆಗಲ್ಲ. ಒಳ್ಳೆಯ ಬೈನಾಕ್ಯುಲರ್ ಎಲ್ಲರ ಕೈಗೂ ಸಿಗದ ಕಾಲ. ಹಾರುವ ಹಕ್ಕಿಯ ಫೋಟೋ ತೆಗೆಯೋ ಮಾತೇ ಇಲ್ಲ. ‘ನೋಡಿದೆ’ ಅಂದರೆ ಯಾರೂ ನಂಬ್ತಿರಲಿಲ್ಲ. ಗುಂಡು ಹೊಡೆದು ಕೆಳಗೆ ಬೀಳಿಸಿ ತಂದರೆ ಅದು ದಾಖಲೆ. ಇನ್ನು ಹಣದ ವಿಷಯ. ಅದೇ ಜಾತಿಯ ಹಕ್ಕಿ ಹೊರದೇಶದ್ದಾದರೆ ಕಾಸಿಗೆ ಸಿಗ್ತಿತ್ತು. ‘ಬ್ರಿಟನ್ನಿನಲ್ಲೇ ಹೊಡೆದದ್ದು’ ಅನ್ನುವ ಚೀಟಿ ಇದ್ದರೆ ಶ್ರೀಮಂತ ಸಂಗ್ರಹಕಾರರು ಕೇಳಿದಷ್ಟು ಕೊಡ್ತಿದ್ದರು. ಹಕ್ಕಿ ಒಂದೇ, ಬೆಲೆ ಇದ್ದದ್ದು ಚೀಟಿಯಲ್ಲಿದ್ದ ಊರಿಗೆ. ಬೇರೆ ದೇಶದಲ್ಲಿ ಸತ್ತ ಹಕ್ಕಿಗಳು ಮಂಜುಗಡ್ಡೆಯಲ್ಲಿ ಹಡಗೇರಿ ಬರ್ತಿದ್ದವು ಅನ್ನೋ ಶಂಕೆ ಆಮೇಲೆ ಬಲವಾಯ್ತು.

ಯಾರಿಗೂ ಅನುಮಾನ ಬರಲಿಲ್ವಾ? ಬಂತು. ‘ಬ್ರಿಟಿಷ್ ಬರ್ಡ್ಸ್’ ಪತ್ರಿಕೆಯ ಸಂಪಾದಕ ಹ್ಯಾರಿ ವಿದರ್‌ಬಿಗೆ 1916ರ ಹೊತ್ತಿಗೇ ಬಂದಿತ್ತು. ಬ್ರಿಸ್ಟೋ ಆರೋಪ ಒಪ್ಪಲಿಲ್ಲ. ಮಾತು ಬಹಿರಂಗಕ್ಕೂ ಬರಲಿಲ್ಲ. ಆಗಲೇ ಅಚ್ಚಾಗಿದ್ದ ದಾಖಲೆಗಳು ಪುಸ್ತಕದಿಂದ ಪುಸ್ತಕಕ್ಕೆ ದಾಟಿಕೊಂಡು ಹೋದವು. ಒಂದು ಸಲ ಅಚ್ಚಾದದ್ದನ್ನು ಯಾರು ಪ್ರಶ್ನೆ ಮಾಡ್ತಾರೆ?

ಪ್ರಶ್ನೆ ಮಾಡಿದವರು 1962ರಲ್ಲಿ ಸಿಕ್ಕರು. ಆ ವರ್ಷದ ಆಗಸ್ಟ್ ಸಂಚಿಕೆಯಲ್ಲಿ ಅದೇ ಪತ್ರಿಕೆ ತನ್ನ ಹಳೆಯ ಪುಟಗಳನ್ನೇ ಕಟಕಟೆಗೆ ತಂದಿತು. ಮ್ಯಾಕ್ಸ್ ನಿಕೋಲ್ಸನ್ ಮತ್ತು ಜೇಮ್ಸ್ ಫರ್ಗ್ಯುಸನ್-ಲೀಸ್ ದಾಖಲೆಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರು. ಲೆಕ್ಕ ಹಾಕಿದವರು ಜಾನ್ ನೆಲ್ಡರ್ ಅನ್ನೋ ಸಂಖ್ಯಾಶಾಸ್ತ್ರಜ್ಞ. ಡೇಟಾ ಸೈನ್ಸ್ ಓದುತ್ತಿರುವವರಿಗೆ ಜನರಲೈಸ್ಡ್ ಲೀನಿಯರ್ ಮಾಡೆಲ್ ಗೊತ್ತಿರುತ್ತೆ. ಹತ್ತು ವರ್ಷದ ನಂತರ, 1972ರಲ್ಲಿ, ಅದನ್ನು ಕೊಟ್ಟ ಇಬ್ಬರಲ್ಲಿ ಒಬ್ಬರು ಇವರೇ.

ನೆಲ್ಡರ್ ಕೇಳಿದ ಪ್ರಶ್ನೆ ತುಂಬಾ ಸರಳ. ಹಕ್ಕಿಗೆ ಊರಿನ ಗಡಿ ಗೊತ್ತಿಲ್ಲ. ಹಾಗಿದ್ದಮೇಲೆ ಹೇಸ್ಟಿಂಗ್ಸ್‌ಗೆ ಬಂದ ಅಪರೂಪದ ಹಕ್ಕಿಗಳು ಸಸೆಕ್ಸಿನ ಉಳಿದ ಭಾಗಕ್ಕೂ, ಪಕ್ಕದ ಕೆಂಟ್ ಕೌಂಟಿಗೂ ಅದೇ ಲೆಕ್ಕದಲ್ಲಿ ಬರಬೇಕಿತ್ತಲ್ಲ? ಬಂದಿರಲಿಲ್ಲ. ಇನ್ನೂ ಒಂದು ವಿಚಿತ್ರ. ನಂತರದ ದಶಕಗಳಲ್ಲಿ ಹಕ್ಕಿ ನೋಡುವವರು ಹೆಚ್ಚಾದರು, ಉಪಕರಣ ಚೆನ್ನಾದವು, ಆದರೆ ಹೇಸ್ಟಿಂಗ್ಸ್‌ನ ಈ ಸುಗ್ಗಿ ಮಾತ್ರ ನಿಂತೇಹೋಯ್ತು. ನೋಡುವ ಕಣ್ಣು ಹೆಚ್ಚಾದ ಹಾಗೆ ಹಕ್ಕಿ ಕಡಿಮೆ ಆಗೋದು ಹೇಗೆ?

ತೀರ್ಪು ಗಟ್ಟಿಯಾಗೇ ಬಂತು. 29 ಜಾತಿ ಮತ್ತು ಉಪಜಾತಿಗಳು ಬ್ರಿಟನ್ನಿನ ಹಕ್ಕಿಪಟ್ಟಿಯಿಂದ ಹೊರಬಿದ್ದವು.

ಇಲ್ಲಿ ಒಂದು ಮಾತು ಹೇಳಲೇಬೇಕು. ಬ್ರಿಸ್ಟೋ 1947ರಲ್ಲೇ ತೀರಿಕೊಂಡಿದ್ದರು. ಉತ್ತರ ಕೊಡೋಕೆ ಅವರಿರಲಿಲ್ಲ. ಯಾವ ಕೋರ್ಟಿನಲ್ಲೂ ವಿಚಾರಣೆ ಆಗಲಿಲ್ಲ. ಜೇಮ್ಸ್ ಹ್ಯಾರಿಸನ್ ಎಂಬ ವೈದ್ಯರು 1968ರಲ್ಲಿ ಅವರ ಪರವಾಗಿ ಒಂದು ಪುಸ್ತಕವನ್ನೇ ಬರೆದರು. ಕಿತ್ತುಹಾಕಿದ ದಾಖಲೆಗಳಲ್ಲಿ ನಿಜವಾದವೂ ಕೆಲವು ಇದ್ದಿರಬಹುದು. ಆದರೆ ಯಾವುದು ನಿಜ ಅಂತ ಬೇರ್ಪಡಿಸೋ ದಾರಿ ಇರಲಿಲ್ಲ. ನನ್ನ ಪ್ರಕಾರ ಸುಳ್ಳಿನ ದೊಡ್ಡ ಅಪಾಯ ಇದೇ. ಅದು ಪಕ್ಕದಲ್ಲಿರೋ ನಿಜವನ್ನೂ ಕೆಡಿಸಿಬಿಡುತ್ತೆ. ಒಂದು ಹನಿ ಹುಳಿ ಬಿದ್ದರೆ ಇಡೀ ಪಾತ್ರೆ ಹಾಲು ಒಡೆದ ಹಾಗೆ.

ಮುಂದೆ ಏನಾಯ್ತು ಗೊತ್ತಾ? ಹೊರಹಾಕಿದ ಹಕ್ಕಿಗಳಲ್ಲಿ ಹೆಚ್ಚಿನವು ತಾವಾಗೇ ವಾಪಸ್ ಬಂದವು. 2003ರಲ್ಲಿ ವೇಲ್ಸ್‌ನ ಆಂಗಲ್‌ಸಿ ದ್ವೀಪದಲ್ಲಿ ಬ್ಲ್ಯಾಕ್ ಲಾರ್ಕ್ ಇಳಿಯಿತು. ಮರುವರ್ಷ ಸ್ಕಾಟ್ಲೆಂಡಿನ ಫೈಫ್‌ನಲ್ಲಿ ಮಾಸ್ಕ್ಡ್ ಶ್ರೈಕ್ ಕೂತಿತ್ತು. ಜನ ಓಡೋಡಿ ಬಂದು ಕಣ್ಣಾರೆ ನೋಡಿದರು, ಫೋಟೋ ತೆಗೆದರು. ಈ ಸಲ ಯಾರೂ ಗುಂಡು ಹೊಡೆಯಲಿಲ್ಲ.

‘ಒಂದು ಚೀಟಿ ತಪ್ಪಾದರೆ ಯಾರ ಗಂಟು ಹೋಯ್ತು?’ ಅಂತ ಕೇಳಬಹುದು. ಅದಕ್ಕೆ ಉತ್ತರ ನಮ್ಮ ದೇಶದಲ್ಲೇ ಇದೆ. ಫಾರೆಸ್ಟ್ ಔಲೆಟ್ ಅನ್ನೋ ಪುಟ್ಟ ಗೂಬೆ ಭಾರತ ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. ಅದರ ಕೊನೆಯ ಮಾದರಿ 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಸಿಕ್ಕಿದ್ದು ಅಂತ ರಿಚರ್ಡ್ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಚೀಟಿ ಹೇಳ್ತಿತ್ತು. ಅಮೆರಿಕದ ಪಕ್ಷಿವಿಜ್ಞಾನಿ ಪಮೇಲಾ ರಾಸ್ಮುಸೆನ್ ಆ ಮಾದರಿಯನ್ನು ಎಕ್ಸ್‌ರೇ ಸಮೇತ ಪರೀಕ್ಷಿಸಿದಾಗ ಗೊತ್ತಾಯ್ತು: ಅದು ಜೇಮ್ಸ್ ಡೇವಿಡ್ಸನ್ 1880ರ ದಶಕದಲ್ಲಿ ಮಹಾರಾಷ್ಟ್ರದ ಖಾನ್‌ದೇಶದಲ್ಲಿ ಸಂಗ್ರಹಿಸಿದ ಹಕ್ಕಿ. ಕದ್ದು, ಹೊಸ ಚೀಟಿ ಕಟ್ಟಲಾಗಿತ್ತು. ಈ ಡೇವಿಡ್ಸನ್ ನಮಗೂ ಬೇಕಾದವರೇ. ಮುಂದೆ ಉತ್ತರ ಕನ್ನಡದ ಕಲೆಕ್ಟರ್ ಆಗಿ ಕಾರವಾರದಲ್ಲಿದ್ದು, ಬೆಲ್ ಮತ್ತು ಏಟ್‌ಕಿನ್ ಜೊತೆ ಸೇರಿ ಆ ಜಿಲ್ಲೆಯ ಚಿಟ್ಟೆಗಳ ಬಗ್ಗೆ ಬರೆದವರು.

ಸುಳ್ಳು ಚೀಟಿ ನಂಬಿ ಹುಡುಕಿದವರಿಗೆ ಗೂಬೆ ಸಿಕ್ಕಿರಲಿಲ್ಲ. ರಾಸ್ಮುಸೆನ್ ತಂಡ ಅದನ್ನು ಬದಿಗಿಟ್ಟು, ನಿಜವಾದ ಹಳೆಯ ಜಾಗಗಳ ಕಡೆ ಹೋಯ್ತು. 1997ರ ನವೆಂಬರ್‌ನಲ್ಲಿ ಖಾನ್‌ದೇಶದ ಶಹಾದಾ ಹತ್ತಿರ ಗೂಬೆ ಜೀವಂತ ಸಿಕ್ಕಿತು. 1884ರ ನಂತರ, ಅಂದ್ರೆ 113 ವರ್ಷದ ಮೇಲೆ! ಎಲ್ಲಿದೆ ಅಂತ ಗೊತ್ತಿಲ್ಲದ ಹಕ್ಕಿಯ ಕಾಡನ್ನು ಯಾರು ಉಳಿಸ್ತಾರೆ ಹೇಳಿ?

ಇವತ್ತು ನಿಮ್ಮಲ್ಲೂ ಎಷ್ಟೋ ಜನರ ಫೋನಿನಲ್ಲಿ ಈಬರ್ಡ್ ಆ್ಯಪ್ ಇದೆ. ಅಪರೂಪದ ಹಕ್ಕಿ ನಮೂದಿಸಿದರೆ ‘ಎಲ್ಲಿ, ಯಾವಾಗ, ಹೇಗಿತ್ತು, ಫೋಟೋ ಇದೆಯಾ’ ಅಂತ ಪರಿಶೀಲಕರು ಕೇಳ್ತಾರೆ. ನನ್ನನ್ನೇ ನಂಬಲ್ವಾ ಅಂತ ಸಿಟ್ಟು ಬರಬಹುದು. ಆದರೆ 1916ರಲ್ಲಿ ಇದೇ ಪ್ರಶ್ನೆಯನ್ನು ಎಲ್ಲರ ಮುಂದೆ, ಪಟ್ಟು ಬಿಡದೆ ಕೇಳಿದ್ದರೆ ಸಸೆಕ್ಸಿನ ಪಟ್ಟಿ ಅಷ್ಟು ಕಾಲ ಕೆಟ್ಟು ಕೂರ್ತಿರಲಿಲ್ಲ. ಕೇಳಿದಾಗ ಸಮಾಧಾನವಾಗಿ ಉತ್ತರ ಬರೆಯಿರಿ. ನೂರು ವರ್ಷದ ನಂತರ ಯಾರೋ ಆ ಹಕ್ಕಿಯನ್ನು ಹುಡುಕಿಕೊಂಡು, ನೀವು ಬರೆದ ಊರಿಗೇ ಬರ್ತಾರೆ.